ಅಟ್ಟ ಸೇರಿದ ಮರಬೆಕ್ಕನ್ನು ಹೊರಗೆ ಕಳಿಸುವುದು ಹೇಗೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಹಳೇ ಹೆಂಚಿನ ಮನೆ. ಸುತ್ತ ಅಡಿಕೆ ತೋಟ, ಹಿತ್ತಲಲ್ಲಿ ಹಲಸು, ಪಪ್ಪಾಯಿ. ಎರಡು ತಿಂಗಳಿಂದ ಕತ್ತಲಾದ ಮೇಲೆ ಮತ್ತು ಬೆಳಗಿನ ಜಾವ ಮುಚ್ಚಿಗೆ ಮೇಲೆ ಯಾರೋ ನಡೆದ ಹಾಗೆ ಸದ್ದು. ಹೆಂಚು ಸರಿದು ಒಂದೆರಡು ಒಡೆದಿವೆ. ಮುಚ್ಚಿಗೆ ಹಲಗೆಯಲ್ಲಿ ಉಚ್ಚೆ ಕಲೆ, ವಾಸನೆ. ನುಸಿಗುಳಿಗೆ ಹಾಕಿದೆವು. ರಾತ್ರಿಯೆಲ್ಲ ರೇಡಿಯೋ ಹಚ್ಚಿಟ್ಟೆವು. ನಾಲ್ಕು ದಿನ ಸುಮ್ಮನಿದ್ದು ಮತ್ತೆ ಶುರುವಾಯಿತು. ಒಬ್ಬರು ಬೋನು ಇಡಿ ಅಂತಾರೆ, ಇನ್ನೊಬ್ಬರು ವಿಷ ಇಡಿ ಅಂತಾರೆ. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ, ರಾತ್ರಿ ಹೆದರುತ್ತಾರೆ. ಚಿಕ್ಕ ಮಗುವೂ ಇದೆ. ಏನು ಮಾಡೋದು?

ಉತ್ತರ: ಮೊದಲು ವಿಷದ ವಿಚಾರ ಮುಗಿಸಿಬಿಡೋಣ. ಇಡಬೇಡಿ. ವಿಷ ತಿಂದ ಪ್ರಾಣಿ ನಿಮಗೆ ಅನುಕೂಲವಾದ ಜಾಗ ನೋಡಿ ಸಾಯುವುದಿಲ್ಲ. ಅಟ್ಟದ ಮೂಲೆಯಲ್ಲಿ, ಕೈ ಹೋಗದ ಕಡೆ ಸಾಯುತ್ತದೆ. ಆಮೇಲೆ ಎಷ್ಟೋ ದಿನ ಆ ಮನೆಯಲ್ಲಿ ಊಟ ಸೇರುವುದಿಲ್ಲ. ಅದೇ ವಿಷಕ್ಕೆ ನಿಮ್ಮ ನಾಯಿ, ಪಕ್ಕದ ಮನೆ ಬೆಕ್ಕು, ಇಲಿ ಹಿಡಿದು ಉಪಕಾರ ಮಾಡುವ ಗೂಬೆ ಎಲ್ಲ ಸಿಕ್ಕಿಬೀಳಬಹುದು. ಅದೂ ಅಲ್ಲದೆ ಮಗು ಇರುವ ಮನೆ. ಕಾನೂನಿನ ಮಾತು ಬೇರೆ ಇದೆ, ಬೋನಿನ ವಿಚಾರಕ್ಕೆ ಬಂದಾಗ ಅದನ್ನು ಹೇಳುತ್ತೇನೆ.

ನೀವು ಬರೆದದ್ದು ನೋಡಿದರೆ ಮೇಲಿರುವುದು ಮರಬೆಕ್ಕು ಅಂತಲೇ ಅನಿಸುತ್ತದೆ. ಕೆಲವು ಕಡೆ ಕಬ್ಬೆಕ್ಕು ಅಂತಾರೆ. ಇನ್ನು ಕೆಲವರು ಎಲ್ಲವನ್ನೂ ಸೇರಿಸಿ ಪುನುಗು ಬೆಕ್ಕು ಅಂದುಬಿಡುತ್ತಾರೆ. ನಿಜವಾದ ಪುನುಗು ಬೆಕ್ಕಿನ ಬಾಲದ ಮೇಲೆ ಉಂಗುರದ ಹಾಗೆ ಪಟ್ಟೆ ಇರುತ್ತದೆ, ಅದು ಹೆಚ್ಚಾಗಿ ನೆಲದ ಮೇಲೆ ಓಡಾಡುವ ಪ್ರಾಣಿ. ಮರಬೆಕ್ಕಿನ ಬಾಲದಲ್ಲಿ ಉಂಗುರ ಇಲ್ಲ. ಮೈ ಬೂದುಗಪ್ಪು, ಮುಖದ ಮೇಲೆ ಕಪ್ಪು ಮುಸುಕು, ಬೆನ್ನಿನುದ್ದಕ್ಕೂ ಮೂರು ಮಸುಕು ಗೆರೆ. ಮೈಯಷ್ಟೇ ಉದ್ದದ ಬಾಲ. ತೂಕ ಎರಡರಿಂದ ಐದು ಕಿಲೋ. ಅಷ್ಟು ತೂಕದ್ದು ನಡುರಾತ್ರಿ ಹಲಗೆ ಮೇಲೆ ನಿಧಾನಕ್ಕೆ ಹೆಜ್ಜೆ ಇಟ್ಟರೆ ಕೆಳಗೆ ಮಲಗಿದವರಿಗೆ ಮನುಷ್ಯರೇ ನಡೆದ ಹಾಗೆ ಕೇಳುತ್ತದೆ. ನಿಮ್ಮ ಅತ್ತೆ ಹೆದರುವುದು ಸಹಜ. ಅದು ಕೆಳಗಿಳಿದು ಬಂದು ಯಾರ ಮೇಲೂ ಬೀಳುವ ಪ್ರಾಣಿ ಅಲ್ಲ ಅಂತ ಅವರಿಗೆ ಹೇಳಿ. ಮೂಲೆಗೆ ಒತ್ತಿದರೆ ಮಾತ್ರ ಹಲ್ಲು ತೋರಿಸುತ್ತದೆ, ಕಚ್ಚಬಹುದು.

ಆದರೂ ಒಂದು ಸಲ ಖಾತ್ರಿ ಮಾಡಿಕೊಳ್ಳಿ. ಯಾಕಂದರೆ ಬೇರೆ ಪ್ರಾಣಿಯಾದರೆ ಮಾಡಬೇಕಾದ ಕೆಲಸವೂ ಬೇರೆ. ಇಲಿಯಾದರೆ ಸದ್ದು ಚುರುಕಾಗಿ, ಪರಪರ ಅಂತ, ರಾತ್ರಿಯಿಡೀ ಇರುತ್ತದೆ. ಮರಬೆಕ್ಕಿನ ಸದ್ದು ನೀವು ಬರೆದ ಹಾಗೆ ಎರಡು ಹೊತ್ತಿನಲ್ಲಿ ಜಾಸ್ತಿ: ಕತ್ತಲಾದ ಮೇಲೆ ಹೊರಡುವಾಗ, ಬೆಳಗಿನ ಜಾವ ವಾಪಸ್ ಬರುವಾಗ. ಹಿಕ್ಕೆ ನೋಡಿದರೆ ಅನುಮಾನವೇ ಉಳಿಯುವುದಿಲ್ಲ. ಬೆರಳು ದಪ್ಪದ ಹಿಕ್ಕೆ, ಅದರ ತುಂಬ ಇಡೀ ಬೀಜಗಳು. ಪಪ್ಪಾಯಿ, ಸೀಬೆ, ಬೈನೆ, ಕಾಫಿ ಇರುವ ಕಡೆ ಕಾಫಿ ಬೀಜ. ತಿರುಳು ಮಾತ್ರ ಅರಗಿಸಿಕೊಂಡು ಬೀಜವನ್ನು ಇದ್ದ ಹಾಗೇ ಹೊರಗೆ ಹಾಕುತ್ತದೆ. ಮಾಡಿನ ಮೇಲೆ, ಗೋಡೆಯ ತಲೆ ಮೇಲೆ ಒಂದೇ ಜಾಗಕ್ಕೆ ಬಂದು ಬಂದು ಹಾಕುವುದೂ ಉಂಟು.

ಹಿಕ್ಕೆ ಸಿಗದಿದ್ದರೆ ಸಂಜೆ ಅಟ್ಟದಲ್ಲಿ ಅದು ಓಡಾಡುವ ಕಡೆ ಒಂದು ಹಳೇ ಪೇಪರ್ ಹಾಸಿ, ತೆಳ್ಳಗೆ ರಂಗೋಲಿ ಪುಡಿ ಉದುರಿಸಿ. ಅಕ್ಕಿ ಹಿಟ್ಟು ಬೇಡ, ಇಲಿ ಬರುತ್ತದೆ. ಬೆಳಗ್ಗೆ ಹೆಜ್ಜೆ ನೋಡಿ. ಮನೆ ಬೆಕ್ಕಿನ ಹೆಜ್ಜೆಯಲ್ಲಿ ನಾಲ್ಕು ಬೆರಳು ಮೂಡುತ್ತದೆ, ಮರಬೆಕ್ಕಿನದರಲ್ಲಿ ಐದು. ಇನ್ನೊಂದು ಗುರುತು ವಾಸನೆ. ಉಚ್ಚೆಯ ನಾತ ಅಲ್ಲ, ಅದರ ಮೈಯ ಗ್ರಂಥಿಯ ವಾಸನೆ. ಕೆಲವರಿಗೆ ಅದು ಘಮಘಮಿಸುವ ಸಣ್ಣಕ್ಕಿ ಅನ್ನ ಬೇಯುವ ಹಾಗೆ ಬರುತ್ತದೆ. ನಡುರಾತ್ರಿ ಯಾರೂ ಅಡುಗೆ ಮಾಡದ ಮನೆಯಲ್ಲಿ ಅನ್ನದ ಪರಿಮಳ ಬಂದರೆ ದೆವ್ವದ ಕಥೆ ಹುಟ್ಟದೆ ಇರುತ್ತದೆಯೇ!

ಬಾವಲಿಯಾದರೆ ಹಿಕ್ಕೆ ಇಲಿಯದರ ಹಾಗೇ ಸಣ್ಣದು. ಕಡ್ಡಿಯಿಂದ ಒತ್ತಿ ನೋಡಿ, ಪುಡಿಪುಡಿಯಾಗಿ ಉದುರುತ್ತದೆ, ಹುಳುವಿನ ರೆಕ್ಕೆಯ ಹೊಳಪು ಕಾಣುತ್ತದೆ. ಕಣಜಗೂಬೆ ಇದ್ದರೆ ಬುಸ್ ಎನ್ನುವ ಸದ್ದು, ಕೆಳಗೆ ಇಲಿ ಮೂಳೆ, ಕೂದಲು ಸೇರಿದ ಉಂಡೆಗಳು. ಗೂಬೆ ಇದ್ದರೆ ದಯವಿಟ್ಟು ಇರಲು ಬಿಡಿ. ಅದಕ್ಕಿಂತ ಒಳ್ಳೆಯ ಇಲಿ ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲ.

ಈಗ ನೀವು ಮಾಡಿ ನೋಡಿದ ಉಪಾಯಗಳಿಗೆ ಬರುತ್ತೇನೆ. ರೇಡಿಯೋ ಹಚ್ಚಿದ್ದು ಒಳ್ಳೆಯ ಯೋಚನೆಯೇ. ಹೊತ್ತು ಮಾತ್ರ ತಪ್ಪಿತು. ಈ ಪ್ರಾಣಿಗೆ ನಿಮ್ಮ ಅಟ್ಟ ಬೇಕಾಗಿರುವುದು ಹಗಲು ಮಲಗುವುದಕ್ಕೆ. ರಾತ್ರಿ ಅದು ತೋಟದಲ್ಲಿ ಹಣ್ಣು ಹುಡುಕುತ್ತಾ ಇರುತ್ತದೆ. ನೀವು ರಾತ್ರಿ ಪೂರ್ತಿ ರೇಡಿಯೋ ಹಚ್ಚಿದರೆ ಖಾಲಿ ಅಟ್ಟಕ್ಕೆ ಹಾಡು ಕೇಳಿಸಿದ ಹಾಗಾಯಿತು, ನಿಮ್ಮ ನಿದ್ದೆಯೂ ಹೋಯಿತು. ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಹಚ್ಚಿ. ಹಾಡಿಗಿಂತ ಮನುಷ್ಯರು ಮಾತಾಡುವ ಕಾರ್ಯಕ್ರಮ ಒಳ್ಳೆಯದು. ಜೊತೆಗೆ ಒಂದು ಎಲ್‌ಇಡಿ ಬಲ್ಬ್ ಹಗಲಿಡೀ ಉರಿಯಲಿ, ಅದು ಮಲಗುವ ಮೂಲೆಗೆ ಬೆಳಕು ಬೀಳುವ ಹಾಗೆ. ಎರಡು ಮೂರು ಹಗಲು ನಿದ್ದೆ ಕೆಟ್ಟರೆ ಬೇರೆ ಜಾಗ ನೋಡಿಕೊಳ್ಳುವ ಸಾಧ್ಯತೆ ಇದೆ. ಮರಬೆಕ್ಕಿಗೆ ಸಾಮಾನ್ಯವಾಗಿ ಒಂದೇ ಮನೆ ಇರುವುದಿಲ್ಲ. ಮರದ ಪೊಟರೆ, ದಟ್ಟ ಬಳ್ಳಿ, ಇನ್ನೊಬ್ಬರ ಕೊಟ್ಟಿಗೆ ಅಂತ ನಾಲ್ಕಾರು ಜಾಗ ಗೊತ್ತಿರುತ್ತದೆ.

ಆದರೆ ಇದೊಂದನ್ನೇ ನಂಬಿ ಕೂರಬೇಡಿ. ಸದ್ದು, ಬೆಳಕು ಎಲ್ಲಕ್ಕೂ ಅದು ಬೇಗ ಒಗ್ಗಿಹೋಗುತ್ತದೆ. ಆ ಎರಡು ಮೂರು ದಿನದೊಳಗೆ ದಾರಿ ಮುಚ್ಚಿದರೆ ಮಾತ್ರ ಲಾಭ. ನುಸಿಗುಳಿಗೆಯನ್ನು ತೆಗೆದುಬಿಡಿ. ಗಾಳಿಯಾಡುವ ಹೆಂಚಿನ ಅಟ್ಟದಲ್ಲಿ ಅದರ ವಾಸನೆ ಪ್ರಾಣಿಯನ್ನು ಓಡಿಸುವಷ್ಟು ನಿಲ್ಲುವುದಿಲ್ಲ. ಹಲಗೆ ಸಂದಿಯಿಂದ ಕೆಳಗಿಳಿದು ಮಗುವಿನ ಮೂಗಿಗೆ ಹೋಗುವುದಕ್ಕೆ ಮಾತ್ರ ಸಾಕು, ಅದು ಮಗುವಿಗೆ ಒಳ್ಳೆಯದಲ್ಲ. ಆನ್‌ಲೈನಲ್ಲಿ ಮಾರುವ, ಕಿವಿಗೆ ಕೇಳದ ಸದ್ದು ಮಾಡುವ ಮೆಷಿನ್ನಿಗೂ ದುಡ್ಡು ಹಾಕಬೇಡಿ. ಆ ಸದ್ದು ಹಲಗೆ, ಗೋಡೆ ದಾಟಿ ಹೋಗುವುದಿಲ್ಲ. ಇನ್ನು ಕೆಲವರು ಮಾಡಿನ ಅಂಚಿಗೆ ಕರೆಂಟ್ ತಂತಿ ಎಳೆಯುತ್ತಾರೆ. ಮಳೆಗಾಲದಲ್ಲಿ ಹೆಂಚು ಹತ್ತಿದ ಮನುಷ್ಯನೇ ಹೋಗುತ್ತಾನೆ. ಅದರ ಬಗ್ಗೆ ಇಷ್ಟು ಸಾಕು.

ಬೋನಿನ ವಿಚಾರ. ಮರಬೆಕ್ಕು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿರುವ ಪ್ರಾಣಿ. ಆ ಕಾಯ್ದೆಯಲ್ಲಿ ಕೊಲ್ಲುವುದು ಮಾತ್ರ ಅಲ್ಲ, ಬೋನಿಟ್ಟು ಹಿಡಿಯುವುದು, ಉರುಳು ಹಾಕುವುದು, ಅದಕ್ಕೆ ಪ್ರಯತ್ನ ಮಾಡುವುದು ಕೂಡ ಬೇಟೆ ಅಂತಲೇ ಲೆಕ್ಕ. ನಮ್ಮ ಅಟ್ಟ, ನಮ್ಮ ಬೋನು ಅಂದರೆ ನಡೆಯುವುದಿಲ್ಲ, ಜೈಲು ಶಿಕ್ಷೆಯವರೆಗೂ ಹೋಗಬಹುದು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅದಕ್ಕೆ ಕೈ ಹಾಕಬೇಡಿ.

ಕಾನೂನು ಪಕ್ಕಕ್ಕಿಟ್ಟರೂ ಬೋನು ಉಪಯೋಗಕ್ಕೆ ಬರುವುದಿಲ್ಲ. ಯೋಚನೆ ಮಾಡಿ: ಹಿಡಿದು ಇಪ್ಪತ್ತು ಕಿಲೋಮೀಟರ್ ಆಚೆ ಕಾಡಿಗೆ ಬಿಟ್ಟಿರಿ ಅಂತಿಟ್ಟುಕೊಳ್ಳಿ. ಕಂಡಿ ಹಾಗೇ ಇದೆ. ಹಲಸಿನ ಕೊಂಬೆ ಹಾಗೇ ಮಾಡಿನ ಮೇಲೆ ಬಾಗಿದೆ. ಖಾಲಿಯಾದ ಜಾಗಕ್ಕೆ ಆ ಸುತ್ತಿನ ಇನ್ನೊಂದು ಬಂದು ಸೇರುತ್ತದೆ. ಬಿಟ್ಟ ಪ್ರಾಣಿಗೆ ಹೊಸ ಜಾಗದಲ್ಲಿ ಹಣ್ಣಿನ ಮರ ಎಲ್ಲಿ, ಅಡಗುವ ಪೊಟರೆ ಎಲ್ಲಿ ಅಂತ ಗೊತ್ತಿರುವುದಿಲ್ಲ, ಅಲ್ಲಿ ಮೊದಲೇ ಇದ್ದ ಮರಬೆಕ್ಕುಗಳ ಕಾಟ ಬೇರೆ. ಎಲ್ಲಕ್ಕಿಂತ ಕೆಟ್ಟದ್ದು, ಹಿಡಿದದ್ದು ಮರಿ ಹಾಕಿದ ತಾಯಿಯಾದರೆ ಅಟ್ಟದಲ್ಲಿ ಮರಿಗಳು ಹಸಿದು ಸಾಯುತ್ತವೆ.

ಹಾಗಾಗಿ ಬೇರೆ ಯಾವ ಕೆಲಸಕ್ಕೂ ಮುಂಚೆ ಮರಿ ಇದೆಯೇ ನೋಡಿ. ಒಂದು ಸೂಲಿಗೆ ಎರಡರಿಂದ ಐದು ಮರಿ. ಇಂಥದೇ ತಿಂಗಳು ಅಂತಿಲ್ಲ, ವರ್ಷದ ಯಾವಾಗ ಬೇಕಾದರೂ ಇರಬಹುದು. ಹಗಲು ಹೊತ್ತು ಅಟ್ಟದಿಂದ ಬೆಕ್ಕಿನ ಮರಿಯ ಹಾಗೆ ಸಣ್ಣ ಕೂಗು ಕೇಳಿದರೆ ಮರಿ ಇದೆ ಅಂತಲೇ ತಿಳಿಯಿರಿ. ಆಗ ಏನೂ ಮುಚ್ಚಬೇಡಿ. ಎರಡು ತಿಂಗಳು ತಡೆದುಕೊಳ್ಳಿ. ಅಷ್ಟರಲ್ಲಿ ಮರಿಗಳು ತಾಯಿಯ ಹಿಂದೆ ಹೊರಗೆ ಓಡಾಡಲು ಶುರು ಮಾಡುತ್ತವೆ. ಅಷ್ಟು ದಿನ ಕಾಯುವುದು ಆಗದ ಮಾತು ಅನಿಸಿದರೆ ಹಗಲಿನ ಬೆಳಕು, ರೇಡಿಯೋ ಮಾತ್ರ ಮಾಡಿ. ಕೆಲವು ಸಲ ತಾಯಿಯೇ ಒಂದೊಂದಾಗಿ ಕಚ್ಚಿಕೊಂಡು ಬೇರೆ ಕಡೆ ಸಾಗಿಸುತ್ತದೆ.

ಮರಿ ಇಲ್ಲ ಅಂತ ಗೊತ್ತಾದ ಮೇಲೆ ನಿಜವಾದ ಕೆಲಸ ಶುರು. ಅದು ಹೊರಗೆ ಹೋದ ಹೊತ್ತಿನಲ್ಲಿ ಬಾಗಿಲು ಹಾಕಬೇಕು. ಹೇಳುವುದು ಸುಲಭ, ಹೆಂಚಿನ ಮನೆಯಲ್ಲಿ ಬಾಗಿಲು ಯಾವುದು ಅಂತ ಹುಡುಕುವುದೇ ಕಷ್ಟ.

ಬಿಸಿಲಿರುವ ಮಧ್ಯಾಹ್ನ ಅಟ್ಟ ಹತ್ತಿ, ದೀಪ ಆರಿಸಿ, ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಎಲ್ಲೆಲ್ಲಿ ಬೆಳಕು ಒಳಗೆ ಬರುತ್ತಿದೆ ನೋಡಿ. ಸಣ್ಣ ಗೆರೆಗಳನ್ನು ಬಿಡಿ. ಮುಷ್ಟಿ ಹಿಡಿಸುವಷ್ಟು ಕಂಡಿ ಇದ್ದರೆ ಗುರುತು ಹಾಕಿಕೊಳ್ಳಿ. ಮರಬೆಕ್ಕಿಗೆ ತಲೆ ತೂರಿದರೆ ಮೈ ತೂರುತ್ತದೆ. ಪ್ರಾಣಿ ಅಲ್ಲೇ ಮಲಗಿರಬಹುದು, ಕಂಡರೆ ಹತ್ತಿರ ಹೋಗಬೇಡಿ, ಕೋಲು ಹಾಕಬೇಡಿ. ದಿನಾ ಓಡಾಡುವ ಕಂಡಿಯನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಅಲ್ಲಿ ಧೂಳು, ಜೇಡರ ಬಲೆ ಇರುವುದಿಲ್ಲ. ಪಕಾಸಿನ, ಅಂದರೆ ಮಾಡನ್ನು ಹೊರುವ ಇಳಿಜಾರು ಮರದ, ಅಂಚು ಮೈ ಉಜ್ಜಿ ಉಜ್ಜಿ ಜಿಡ್ಡುಗಟ್ಟಿ ಕಪ್ಪಾಗಿರುತ್ತದೆ. ಮರದ ಸಿಬಿರಿಗೆ ಒಂದೆರಡು ಒರಟು ಕೂದಲು ಸಿಕ್ಕಿಕೊಂಡಿರುತ್ತದೆ. ಹೆಚ್ಚಾಗಿ ಇದು ಸಿಗುವುದು ಸೂರಿನ ಅಂಚಿನಲ್ಲಿ, ಗೋಡೆ ಮತ್ತು ಮಾಡು ಸೇರುವ ಕಡೆ. ಇಲ್ಲದಿದ್ದರೆ ಎರಡು ಇಳಿಜಾರು ಸೇರುವ ಮೂಲೆಯಲ್ಲಿ.

ಹೆಂಚಿನ ಸಮಸ್ಯೆ ಒಂದಿದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಕಾಲದಿಂದ ಬಂದ ಈ ಹೆಂಚು ಮೊಳೆ ಇಲ್ಲದೆ ರೀಪಿನ (ಪಕಾಸಿಗೆ ಅಡ್ಡ ಹೊಡೆದ ಮರದ ಪಟ್ಟಿ) ಮೇಲೆ ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತದೆ. ರಿಪೇರಿಗೆ ಸಲೀಸು, ಒಂದು ಒಡೆದರೆ ತೆಗೆದು ಇನ್ನೊಂದು ಹಾಕಬಹುದು. ಮೂರ್ನಾಲ್ಕು ಕಿಲೋದ ಪ್ರಾಣಿ ಮೂತಿಯಿಂದ ಎತ್ತಿದರೂ ಅಷ್ಟೇ ಸಲೀಸಾಗಿ ಎದ್ದು ಬರುತ್ತದೆ. ನಿಮ್ಮಲ್ಲಿ ಹೆಂಚು ಸರಿದು ಒಡೆಯುತ್ತಿರುವುದು ಇದೇ ಕಾರಣಕ್ಕೆ. ಹಾಗಾಗಿ ಸೂರಿನ ಕೆಳಗಿನ ಎರಡು ಸಾಲು ಹೆಂಚನ್ನು ರೀಪಿಗೆ ತಂತಿಯಿಂದ ಬಿಗಿಸಿ. ಇಡೀ ಮಾಡಿಗೆ ಬೇಕಾಗಿಲ್ಲ.

ಕಂಡಿಗಳಿಗೆ ವೆಲ್ಡ್‌ಮೆಶ್, ಅಂದರೆ ಬೆಸುಗೆ ಹಾಕಿದ ಗಟ್ಟಿ ತಂತಿ ಜಾಲರಿ ಹಾಕಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದಿಂಚು ಕಣ್ಣಿನದು ಕೇಳಿದರೆ ಮರಬೆಕ್ಕಿಗೆ ಸಾಕು, ಇಲಿಯನ್ನೂ ತಡೆಯಬೇಕಾದರೆ ಅರ್ಧ ಇಂಚಿನದು ತನ್ನಿ. ಕೋಳಿ ಜಾಲರಿ ಬೇಡ, ತೆಳು ತಂತಿ, ಹಲ್ಲು ಉಗುರು ಹಾಕಿ ಎಳೆದು ಹರಿಯುತ್ತದೆ. ಸಿಮೆಂಟ್ ಮೆತ್ತಿ ಪೂರ್ತಿ ಮುಚ್ಚುವುದೂ ಬೇಡ. ಹೆಂಚಿನ ಮಾಡಿಗೆ ಗಾಳಿ ಬೇಕು, ಇಲ್ಲದಿದ್ದರೆ ಮಲೆನಾಡಿನ ಮಳೆಯಲ್ಲಿ ಪಕಾಸು ಕುಂಬಾಗುತ್ತದೆ. ಜಾಲರಿಯನ್ನು ಕಂಡಿಗಿಂತ ಸುತ್ತ ನಾಲ್ಕಿಂಚು ದೊಡ್ಡದಾಗಿ ಕತ್ತರಿಸಿ, ಮರಕ್ಕೆ ವಾಷರ್ ಸಮೇತ ಸ್ಕ್ರೂ ಹಾಕಿ. ಬರೀ ಮೊಳೆ ಹೊಡೆದರೆ ಕಿತ್ತು ಬರುತ್ತದೆ.

ಕ್ರಮ ಹೀಗಿರಲಿ. ಅದು ದಿನಾ ಬಳಸುವ ಕಂಡಿಯೊಂದನ್ನು ಬಿಟ್ಟು ಬೇರೆಲ್ಲವನ್ನೂ ಮೊದಲು ಹಗಲಲ್ಲೇ ಮುಚ್ಚಿ. ಮರುದಿನ ಸಂಜೆ ಇಬ್ಬರು ಅಂಗಳದಲ್ಲಿ ಎರಡು ಕಡೆ ಕೂತು ಕಾಯಿರಿ. ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಬಿಳಿ ಬೆಳಕು ಬಿಟ್ಟರೆ ಅದು ಹೊರಗೆ ಬರುವುದೇ ಇಲ್ಲ. ಹೊರಟು ಮರ ಹತ್ತಿ ಹೋದದ್ದನ್ನು ಕಣ್ಣಾರೆ ನೋಡಿದ ಮೇಲೆ ಆ ಕಂಡಿಗೆ ಮುದ್ದೆ ಮಾಡಿದ ಪೇಪರ್ ಮಾತ್ರ ತುರುಕಿ. ಜಾಲರಿ ಈಗಲೇ ಬೇಡ. ಒಳಗೆ ಇನ್ನೊಂದು ಉಳಿದಿದ್ದರೆ ಪೇಪರನ್ನು ಒಳಗಿನಿಂದ ಹೊರಗೆ ತಳ್ಳುತ್ತದೆ, ಹೊರಗಿದ್ದದ್ದು ಬಂದರೆ ಹೊರಗಿನಿಂದ ಕೆದಕುತ್ತದೆ. ಪೇಪರ್ ಬಿದ್ದಿದ್ದರೆ ಮತ್ತೆ ಕಾಯಿರಿ, ಮತ್ತೆ ತುರುಕಿ. ಎರಡು ಮೂರು ರಾತ್ರಿ ಪೇಪರ್ ಇದ್ದ ಹಾಗೇ ಇದ್ದು, ಅಟ್ಟದಲ್ಲಿ ಸದ್ದೂ ಇಲ್ಲದಿದ್ದರೆ ಜಾಲರಿ ಹಾಕಿ ಸ್ಕ್ರೂ ಬಿಗಿಯಿರಿ. ಅವಸರ ಮಾಡಿ ಮೊದಲ ರಾತ್ರಿಯೇ ಮುಚ್ಚಿದವರ ಮನೆಯಲ್ಲಿ ಒಳಗೆ ಸಿಕ್ಕಿಕೊಂಡ ಪ್ರಾಣಿ ಹೆಂಚು, ಹಲಗೆ, ವೈರ್ ಎಲ್ಲ ಕಿತ್ತು ರಾದ್ಧಾಂತ ಮಾಡುತ್ತದೆ.

ಕಾದು ಕೂರಲು ಜನ ಇಲ್ಲ ಅಂದರೆ ಜಾಲರಿಯದೇ ಒಂದು ಬಾಗಿಲು ಮಾಡಿಸಬಹುದು. ಮೇಲ್ಗಡೆ ಮಾತ್ರ ಕೀಲು, ಕೆಳಗಡೆ ಸಡಿಲ. ಒಳಗಿನಿಂದ ತಳ್ಳಿದರೆ ಹೊರಕ್ಕೆ ತೆರೆದುಕೊಳ್ಳಬೇಕು, ಬಿಟ್ಟ ತಕ್ಷಣ ತಾನೇ ಮುಚ್ಚಿಕೊಳ್ಳಬೇಕು. ಅಂಚು ಕಂಡಿಗಿಂತ ಅಗಲ ಇದ್ದರೆ ಹೊರಗಿನಿಂದ ಎತ್ತಲು ಆಗುವುದಿಲ್ಲ. ನಾಲ್ಕೈದು ದಿನ ಬಿಟ್ಟು ಅದನ್ನೇ ಸ್ಕ್ರೂ ಹಾಕಿ ಭದ್ರ ಮಾಡಿ. ಮರಿ ಇರುವಾಗ ಮಾತ್ರ ಈ ಬಾಗಿಲು ಖಂಡಿತ ಬೇಡ.

ಇನ್ನು ಅದು ಮಾಡು ಹತ್ತುವ ದಾರಿ. ಹಿತ್ತಲಿನ ಹಲಸಿನ ಕೊಂಬೆ ಮಾಡಿನ ಮೇಲೆ ಬಾಗಿದ್ದರೆ ಎಂಟು ಹತ್ತು ಅಡಿ ದೂರಕ್ಕೆ ಸವರಿಸಿ. ಮರ ಕಡಿಯುವುದು ಬೇಕಿಲ್ಲ. ಗೋಡೆಗೆ ಹಬ್ಬಿಸಿದ ಮಲ್ಲಿಗೆ ಬಳ್ಳಿ, ಮಳೆನೀರಿನ ಪೈಪು, ಜಗುಲಿಯ ಕಂಬ ಎಲ್ಲ ಏಣಿಯೇ. ಸೂರಿಗೆ ಒರಗಿದ ಹಾಗೆ ಅಡಿಕೆ ಅಥವಾ ತೆಂಗಿನ ಮರ ಇದ್ದರೆ ಆಳೆತ್ತರದ ಮೇಲೆ ಎರಡಡಿ ಅಗಲದ ನುಣುಪು ತಗಡನ್ನು ಕಾಂಡಕ್ಕೆ ಸುತ್ತಿ. ತೆಂಗಿಗೆ ಇಲಿ ಹತ್ತದ ಹಾಗೆ ತಗಡು ಕಟ್ಟುತ್ತಾರಲ್ಲ, ಅದೇ ಉಪಾಯ. ಪಕ್ಕದ ಮರದಿಂದ ಈ ಮರಕ್ಕೆ ದಾಟುವ ಹಾಗಿದ್ದರೆ ತಗಡು ದಂಡ. ತೋಟದ ನಡುವೆ ಇರುವ ಮನೆಗೆ ಎಲ್ಲ ದಾರಿಯನ್ನೂ ಕಡಿಯುವುದು ಸಾಧ್ಯವಿಲ್ಲ, ಅದಕ್ಕೇ ನಾನು ಕಂಡಿ ಮುಚ್ಚುವುದಕ್ಕೆ ಇಷ್ಟು ಒತ್ತು ಕೊಟ್ಟದ್ದು. ಮಾಡಿನ ಮೇಲೆ ಹಾದುಹೋದರೆ ಹೋಗಲಿ, ಒಳಗೆ ಬರಬಾರದು ಅಷ್ಟೇ.

ಬಾಳೆಗೊನೆಯನ್ನು ಅಟ್ಟದಲ್ಲಿ ಹಣ್ಣಿಗೆ ಹಾಕುವ ಅಭ್ಯಾಸ ಇದ್ದರೆ ಸದ್ಯಕ್ಕೆ ಬಿಡಿ. ಬಿದ್ದ ಹಲಸಿನ ಹಣ್ಣನ್ನು ಸಂಜೆಯೊಳಗೆ ಎತ್ತಿ. ನಾಯಿಯ ಅನ್ನ ರಾತ್ರಿ ಅಂಗಳದಲ್ಲಿ ಉಳಿಯಬಾರದು. ಕೋಳಿ ಇದ್ದರೆ ಗೂಡು ಭದ್ರವಾಗಿರಲಿ. ಅಟ್ಟದಲ್ಲಿ ಇಲಿ ಇದ್ದರೆ ಅದೂ ಮರಬೆಕ್ಕಿಗೆ ಊಟವೇ, ಇಲಿಯನ್ನು ಚೆನ್ನಾಗಿ ಹಿಡಿಯುತ್ತದೆ.

ಉಚ್ಚೆ ಕಲೆ ಬಗ್ಗೆ ನಿಮಗೊಂದು ಸಮಾಧಾನ ಹೇಳುತ್ತೇನೆ. 2024ರಲ್ಲಿ ಕೇರಳದ ಮುಖ್ಯಮಂತ್ರಿಯಾಗಿದ್ದ ಪಿಣರಾಯಿ ವಿಜಯನ್ ತಮ್ಮ ಸರ್ಕಾರಿ ಬಂಗಲೆಯಲ್ಲೇ ಮರಪಟ್ಟಿ, ಅಂದರೆ ಇದೇ ಮರಬೆಕ್ಕಿನ ಕಾಟ ಇದೆ ಅಂತ ಸಭೆಯಲ್ಲಿ ಹೇಳಿಕೊಂಡಿದ್ದರು. ಮುಖ್ಯಮಂತ್ರಿ ಮನೆಗೇ ಹೀಗಾದರೆ ನಮ್ಮ ನಿಮ್ಮದೇನು! ಸ್ವಚ್ಛ ಮಾಡುವಾಗ ಮಾತ್ರ ಹುಷಾರಾಗಿರಿ. ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬೇಡಿ, ಧೂಳು ಉಸಿರಿಗೆ ಹೋಗುತ್ತದೆ. ಮಾಸ್ಕ್, ಕೈಗವಸು ಹಾಕಿ, ಮೊದಲು ಬ್ಲೀಚಿಂಗ್ ಪುಡಿ ಕಲಸಿದ ನೀರು ಚಿಮುಕಿಸಿ, ನೆನೆದ ಮೇಲೆ ಬಳಿದು ಹೂಳಿ. ನಿಮ್ಮ ಕಡೆ ಇಲಿ ಜ್ವರ ಇರುವುದರಿಂದ ಇಲಿ ಉಚ್ಚೆಯ ಜಾಗವನ್ನೂ ಇದೇ ಥರ ಮಾಡಿ. ಹಲಗೆಯ ವಾಸನೆ ಒಂದೇ ಸಲಕ್ಕೆ ಹೋಗುವುದಿಲ್ಲ. ಸೋಪುನೀರಿನಲ್ಲಿ ಉಜ್ಜಿ, ಒಣಗಿಸಿ, ಮತ್ತೆ ಉಜ್ಜಿ. ಹಳೇ ವಾಸನೆ ಉಳಿದರೆ ಬೇರೆ ಮರಬೆಕ್ಕಿಗೆ ಇದು ಒಳ್ಳೆಯ ಜಾಗ ಅಂತ ಸುಳಿವು ಸಿಕ್ಕಂತೆ. ಅಕಸ್ಮಾತ್ ಯಾರಿಗಾದರೂ ಕಚ್ಚಿದರೆ ಅಥವಾ ಪರಚಿದರೆ ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಹಾಕಿಸಿ.

ಬೆಂಗಳೂರು, ಮೈಸೂರಿನ ಓದುಗರಿಗೂ ಒಂದು ಮಾತು. ತಾರಸಿ ಮನೆಗೆ ಈ ಕಾಟ ಇಲ್ಲ ಅಂದುಕೊಳ್ಳಬೇಡಿ. ಹಳೇ ಮರಗಳಿರುವ ಬಡಾವಣೆಗಳಲ್ಲಿ ಮರಬೆಕ್ಕು ಚೆನ್ನಾಗಿಯೇ ಬದುಕುತ್ತಿದೆ. ಅಲ್ಲಿ ಅದು ಸೇರುವುದು ಫಾಲ್ಸ್ ಸೀಲಿಂಗ್ ಮೇಲೆ, ತಾರಸಿಯ ಶೀಟು ಮತ್ತು ಗೋಡೆ ನಡುವಿನ ಸಂದಿಯಲ್ಲಿ. ಮುಚ್ಚುವ ಕ್ರಮ ಇದೇ. ಜಿಪ್ಸಂ ಸೀಲಿಂಗ್ ಅದರ ತೂಕ ತಡೆಯದೆ ಮುರಿದು ಪ್ರಾಣಿ ಹಾಲ್‌ಗೇ ಬಿದ್ದರೆ ಗಾಬರಿಯಾಗಬೇಡಿ. ಒಳಗಿನ ಬಾಗಿಲುಗಳನ್ನು ಹಾಕಿ, ಹೊರಗಿನ ಬಾಗಿಲು ಒಂದನ್ನು ತೆರೆದು, ಲೈಟ್ ಆರಿಸಿ, ಎಲ್ಲರೂ ಪಕ್ಕಕ್ಕೆ ಸರಿಯಿರಿ. ತಾನೇ ಹೋಗುತ್ತದೆ.

ಗಾಯವಾದ ಮರಬೆಕ್ಕು ಸಿಕ್ಕರೆ, ತಾಯಿ ಇಲ್ಲದ ಮರಿ ಸಿಕ್ಕರೆ, ಅಥವಾ ನಿಮ್ಮ ಕೈಲಿ ಆಗದ ಪರಿಸ್ಥಿತಿ ಬಂದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಇಲ್ಲವೇ ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ.

ಕಂಡಿ ಮುಚ್ಚಿದ ಮೇಲೆ ಒಂದು ವಾರ ಅದು ಬಂದು ಹೊರಗಿನಿಂದ ಕೆದಕುವುದು, ಹೆಂಚು ಅಲ್ಲಾಡಿಸುವುದು ಇದ್ದೇ ಇರುತ್ತದೆ. ಜಾಲರಿ ಗಟ್ಟಿಯಾಗಿದ್ದರೆ ಬಿಟ್ಟುಹೋಗುತ್ತದೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವವರು ಬರುತ್ತಾರಲ್ಲ, ಅವರಿಗೆ ಜಾಲರಿ ಹಾಕಿದ ಜಾಗಗಳನ್ನು ತೋರಿಸಿ, ಸ್ಕ್ರೂ ಬಿಗಿಸಲು ಹೇಳಿ. ಗೊತ್ತಿಲ್ಲದಿದ್ದರೆ ಅವರೇ ಅಡ್ಡ ಬಂತು ಅಂತ ಕಿತ್ತು ಬಿಸಾಡಿ ಹೋಗುತ್ತಾರೆ.